ವಾಕಿಂಗ್ ಮುಗಿಸಿ ಕುಡಿಯುವ ಗಿಡಮೂಲಿಕೆ ರಸ: ಎಲ್ಲಿ ಅಪಾಯ, ಯಾರಿಗೆ ಅಪಾಯ?

ಪ್ರಶ್ನೆ: ನನಗೆ 56 ವರ್ಷ, ಬಸವನಗುಡಿಯಲ್ಲಿ ವಾಸ. ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ಬಿಪಿಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತೇನೆ. ಬೆಳಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ. ಎರಡು ತಿಂಗಳಿಂದ ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮುಗಿಸಿ, ಗೇಟಿನ ಹೊರಗೆ ಗಾಡಿಯಲ್ಲಿ ಮಾರುವ ಹಾಗಲಕಾಯಿ, ಸೋರೆಕಾಯಿ, ಅಮೃತಬಳ್ಳಿ ಬೆರೆಸಿದ ರಸವನ್ನು ದಿನಾ ಒಂದು ಲೋಟ ಕುಡಿಯುತ್ತಿದ್ದೇನೆ. ಗೆಳತಿ ಹೇಳಿದಳೆಂದು ರಾತ್ರಿ ಅಶ್ವಗಂಧ ಮಾತ್ರೆಯನ್ನೂ ಶುರು ಮಾಡಿದ್ದೇನೆ. ಮನೆಯಲ್ಲಿ ಆರು ತಿಂಗಳ ಮೊಮ್ಮಗುವಿಗೆ ನಮ್ಮ ಅತ್ತೆಯವರು ಬಜೆ ತೇಯ್ದು ನೆಕ್ಕಿಸುತ್ತಾರೆ. ಎಲ್ಲರೂ “ಗಿಡಮೂಲಿಕೆ ತಾನೆ, ಸೈಡ್ ಎಫೆಕ್ಟ್ ಇಲ್ಲ” ಅನ್ನುತ್ತಾರೆ. ಮಗಳೊಬ್ಬಳು ಮಾತ್ರ ಎಲ್ಲವನ್ನೂ ನಿಲ್ಲಿಸು ಅನ್ನುತ್ತಾಳೆ. ಯಾರ ಮಾತು ಕೇಳಲಿ? ಶೀತಕ್ಕೆ ಮನೆಯಲ್ಲಿ ಮಾಡುವ ಕಷಾಯವನ್ನೂ ಬಿಡಬೇಕೆ?

ಉತ್ತರ: ಮಗಳ ಮಾತು ಕೇಳಿ. ಗಾಡಿಯ ರಸ, ಅಶ್ವಗಂಧ ಎರಡನ್ನೂ ನಾಳೆಯಿಂದಲೇ ನಿಲ್ಲಿಸಿ. ಆದರೆ ಶುಗರ್, ಬಿಪಿ, ಥೈರಾಯ್ಡ್ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬೇಡಿ. ರಸ ಬಿಟ್ಟ ಮೇಲೆ ಸಕ್ಕರೆ ಸ್ವಲ್ಪ ಏರಬಹುದು. ಹಾಗಾಗಿ ಮೊದಲ ಎರಡು ವಾರ ಗ್ಲೂಕೋಮೀಟರ್‌ನಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲೊಮ್ಮೆ, ಊಟವಾಗಿ ಎರಡು ಗಂಟೆಯಾದ ಮೇಲೊಮ್ಮೆ ನೋಡಿ ಬರೆದಿಡಿ. ಈ ವಾರವೇ ಲಿವರ್ ಫಂಕ್ಷನ್ ಟೆಸ್ಟ್, ಕ್ರಿಯಾಟಿನಿನ್ (ಮೂತ್ರಪಿಂಡಕ್ಕೆ), ಪೊಟ್ಯಾಸಿಯಂ, ಟಿಎಸ್‌ಎಚ್ (ಥೈರಾಯ್ಡ್‌ಗೆ), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಮಾಡಿಸಿ, ರಸದ ವಿಷಯವನ್ನೂ ಹೇಳಿಯೇ ನಿಮ್ಮ ವೈದ್ಯರಿಗೆ ತೋರಿಸಿ. ಕಷಾಯ ಬಿಡಬೇಕಾಗಿಲ್ಲ, ಸ್ವಲ್ಪ ತಿದ್ದಿಕೊಂಡರೆ ಸಾಕು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

“ಸೈಡ್ ಎಫೆಕ್ಟ್ ಇಲ್ಲ” ಅನ್ನುವ ಮಾತು ಏಕೆ ತಪ್ಪು ಎಂಬುದಕ್ಕೆ ನಮ್ಮ ಅಂಗಳದ ನಿತ್ಯಪುಷ್ಪವೇ ಸಾಕ್ಷಿ. ಶುಗರ್‌ಗೆ ಒಳ್ಳೆಯದೆಂದು ಅದರ ಎಲೆ, ಹೂವು ಅಗಿಯುವವರು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ರಕ್ತ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಔಷಧಿಗಳು ಬಂದದ್ದು ಇದೇ ಗಿಡದಿಂದ. ಸಕ್ಕರೆ ಇಳಿಸುವ ಗುಣ ಇದೆಯೇ ಎಂದು 1950ರ ದಶಕದಲ್ಲಿ ಪರೀಕ್ಷಿಸುತ್ತಿದ್ದಾಗ, ಪ್ರಯೋಗದ ಪ್ರಾಣಿಗಳಲ್ಲಿ ಬಿಳಿ ರಕ್ತಕಣ ಕುಸಿದದ್ದು ಕಂಡು ಅವು ಪತ್ತೆಯಾದವು. ಗಿಡಕ್ಕೆ ಶಕ್ತಿ ಇದೆ ಅಂದಮೇಲೆ ಕೆಡುಕು ಮಾಡುವ ಶಕ್ತಿಯೂ ಇದೆ. ಮಾತ್ರೆಯಲ್ಲಿ ಬಂದ ರಾಸಾಯನಿಕ, ಎಲೆಯಲ್ಲಿ ಬಂದ ರಾಸಾಯನಿಕ ಎಂಬ ಭೇದ ಯಕೃತ್ತಿಗಿಲ್ಲ. ಎರಡನ್ನೂ ಅದೇ ಕರಗಿಸಿ ಹೊರಹಾಕಬೇಕು. ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂಬುದು ಗೊತ್ತಿರುತ್ತದೆ. ಲೋಟದಲ್ಲಿ ಎಷ್ಟಿದೆ ಎಂಬುದು ಗಾಡಿಯವರಿಗೂ ಗೊತ್ತಿಲ್ಲ, ಕುಡಿಯುವವರಿಗೂ ಗೊತ್ತಿಲ್ಲ.

ನಿಮ್ಮ ಲೋಟವನ್ನೇ ಬಿಡಿಸಿ ನೋಡೋಣ. ಹಾಗಲಕಾಯಿ ಪಲ್ಯ ಮಾಡಿದಾಗ ಒಬ್ಬರ ತಟ್ಟೆಗೆ ಬರುವುದು ಅರ್ಧ ಕಾಯಿ. ಅದೂ ಉಪ್ಪು ಸವರಿ ಹಿಂಡಿ, ಬೇಯಿಸಿ, ಅನ್ನ ಅಥವಾ ಮುದ್ದೆಯ ಜೊತೆ. ಅದೇ ಒಂದು ಲೋಟ ಗಟ್ಟಿ ರಸಕ್ಕೆ ಎರಡು ಮೂರು ಕಾಯಿ ಹಸಿಯಾಗಿಯೇ ಬೇಕು, ಅದು ಖಾಲಿ ಹೊಟ್ಟೆಗೆ ಇಳಿಯುತ್ತದೆ. ನೀವು ತೆಗೆದುಕೊಳ್ಳುವ ಗ್ಲಿಮೆಪಿರೈಡ್, ಊಟ ಮಾಡಿದ್ದೀರೋ ಇಲ್ಲವೋ ನೋಡದೆ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತದೆ. ನಡಿಗೆ ಸಕ್ಕರೆಯನ್ನು ಇನ್ನಷ್ಟು ಇಳಿಸುತ್ತದೆ. ಮೂರೂ ಒಂದೇ ಬೆಳಗ್ಗೆ ಸೇರಿದರೆ ಲೋ ಶುಗರ್ ಆಗಲು ಹೆಚ್ಚು ಹೊತ್ತು ಬೇಡ. ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ಕಣ್ಣು ಮಂಜು, ಮಾತು ತೊದಲು, ಇವು ಅದರ ಗುರುತು. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಈ ಭಯ ಕಡಿಮೆ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹೆಚ್ಚು. ಮಧುನಾಶಿನಿ ಪುಡಿ, ಕುಂಡದಲ್ಲಿ ಬೆಳೆಸುವ ‘ಇನ್ಸುಲಿನ್ ಗಿಡ’ದ ಎಲೆ, ಚಮಚಗಟ್ಟಲೆ ಮೆಂತ್ಯದ ಪುಡಿ ಇವಕ್ಕೂ ಇದೇ ಮಾತು.

ಗ್ಲೂಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಿರಿ. ಹಾಲು, ಬಿಸ್ಕತ್ತು, ಚಾಕೊಲೇಟ್ ಬೇಡ, ಅದರಲ್ಲಿರುವ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ, ಏರಿದರೆ ತಿಂಡಿ ತಿನ್ನಿ. ಗ್ಲಿಮೆಪಿರೈಡ್‌ನ ಪರಿಣಾಮ ದಿನವಿಡೀ ಇರುವುದರಿಂದ ಒಮ್ಮೆ ಸರಿಹೋದ ಸಕ್ಕರೆ ಮಧ್ಯಾಹ್ನ ಮತ್ತೆ ಬೀಳಬಹುದು. ಆ ದಿನ ಒಬ್ಬರೇ ಇರಬೇಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಸೋರೆಕಾಯಿಯ ವಿಷಯ ಇದಕ್ಕಿಂತ ಗಂಭೀರ. ಸೋರೆ, ಹೀರೆ, ಸೌತೆ ಜಾತಿಯ ಬಳ್ಳಿಗಳು ಹುಳುಹುಪ್ಪಟೆಯಿಂದ ತಮ್ಮನ್ನು ಕಾಪಾಡಿಕೊಳ್ಳಲು ಕುಕರ್ಬಿಟಾಸಿನ್ ಎಂಬ ಕಡುಕಹಿ ವಸ್ತುವನ್ನು ತಯಾರಿಸುತ್ತವೆ. ನಾವು ಬೆಳೆಯುವ ತಳಿಗಳಲ್ಲಿ ಅದು ತೀರಾ ಕಡಿಮೆ. ಆದರೆ ಕಾಡುತಳಿಯ ಪರಾಗ ಬೆರೆತ ಬೀಜ, ನೀರಿನ ಕೊರತೆ, ವಿಪರೀತ ಬಿಸಿಲು, ಇಂಥ ಕಾರಣಗಳಿಂದ ಅಪರೂಪಕ್ಕೊಂದು ಕಾಯಿಯಲ್ಲಿ ಅದು ಹತ್ತಾರು ಪಟ್ಟು ಏರುತ್ತದೆ. ಆ ಕಾಯಿಯನ್ನು ಹೊರಗಿನಿಂದ ನೋಡಿ ಗುರುತಿಸಲಾಗದು: ಬಣ್ಣ, ಎಳಸುತನ, ಆಕಾರ ಎಲ್ಲವೂ ಸರಿಯಾಗಿಯೇ ಇರುತ್ತವೆ. ಕುಡಿದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ವಾಂತಿ, ಹೊಟ್ಟೆನೋವು, ಭೇದಿ ಶುರುವಾಗುತ್ತದೆ. ಮುಂದೆ ರಕ್ತವಾಂತಿ, ಬಿಪಿ ಕುಸಿತ. 2010ರಲ್ಲಿ ದೆಹಲಿಯಲ್ಲಿ ಕಹಿ ಸೋರೆ ರಸದಿಂದ ಸಾವು ಸಂಭವಿಸಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಜ್ಞರ ಸಮಿತಿ ನೇಮಿಸಿತು. ಸಮಿತಿ ಹೇಳಿದ್ದು ಸರಳವಾಗಿದೆ: ರಸ ತೆಗೆಯುವ ಮೊದಲು ಪ್ರತಿ ಕಾಯಿಯ ಸಣ್ಣ ತುಂಡನ್ನು ನಾಲಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಆ ಕಾಯಿಯನ್ನೇ ಎಸೆಯಿರಿ, ಸೋರೆಕಾಯಿ ರಸವನ್ನು ಬೇರೆ ಯಾವ ರಸದ ಜೊತೆಗೂ ಬೆರೆಸಬೇಡಿ.

ನಿಮ್ಮ ಲೋಟದಲ್ಲಿ ಆಗುತ್ತಿರುವುದು ಇದಕ್ಕೆ ಪೂರ್ತಿ ವಿರುದ್ಧ. ಹಾಗಲಕಾಯಿಯೂ ಕಹಿ, ಅಮೃತಬಳ್ಳಿಯೂ ಕಹಿ. ವಿಷದ ಸೋರೆಕಾಯಿ ಒಂದು ಅದರಲ್ಲಿ ಸೇರಿದರೂ ನಾಲಗೆಗೆ ಗೊತ್ತಾಗುವುದೇ ಇಲ್ಲ. ದೇಹಕ್ಕಿರುವ ಒಂದೇ ಎಚ್ಚರಿಕೆಯ ಗಂಟೆಯನ್ನು ಈ ಮಿಶ್ರಣ ಮೌನವಾಗಿಸುತ್ತದೆ. ಇಂಥ ಮಿಶ್ರಣವನ್ನು ಯಾರೂ, ಯಾವ ಕಾಯಿಲೆಯೂ ಇಲ್ಲದವರೂ, ಕುಡಿಯಬಾರದು. ಕುದಿಸಿದರೂ ಈ ವಿಷ ಹೋಗುವುದಿಲ್ಲ. ಹಾಗಾಗಿ ಹುಳಿ, ಪಲ್ಯಕ್ಕೆ ಹೆಚ್ಚಿದ ಸೋರೆಕಾಯಿ ಕಹಿಯಿದ್ದರೆ ಬೆಲ್ಲ ಹಾಕಿ ಸರಿಮಾಡಲು ಹೋಗದೆ ಬಿಸಾಡಿ. ಇದಕ್ಕೆ ಪ್ರತಿವಿಷ ಇಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಬಿಪಿ ಕಾಯ್ದು, ಜಠರದ ರಕ್ತಸ್ರಾವಕ್ಕೆ ಚಿಕಿತ್ಸೆ ಕೊಡುತ್ತಾರೆ. ಬೇಗ ಹೋದಷ್ಟೂ ಒಳ್ಳೆಯದು.

ಇನ್ನು ಅಮೃತಬಳ್ಳಿ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿ ಹೆಚ್ಚುತ್ತದೆಂದು ದೇಶಕ್ಕೆ ದೇಶವೇ ಇದನ್ನು ಕುಡಿಯಿತು. 2021ರಲ್ಲಿ ಮುಂಬೈಯ ಯಕೃತ್ ತಜ್ಞರು ಅಮೃತಬಳ್ಳಿ ಸೇವಿಸಿದವರಲ್ಲಿ ಕಾಮಾಲೆ ಕಂಡದ್ದನ್ನು ವರದಿ ಮಾಡಿದರು. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳು ಸೇರಿ 43 ರೋಗಿಗಳ ವಿವರ ಪ್ರಕಟಿಸಿದವು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅದೇ ಕುಲದ ಬೇರೆ ಬಳ್ಳಿ, ಟೈನೋಸ್ಪೊರಾ ಕ್ರಿಸ್ಪಾ, ಬೆರೆತಿರಬಹುದು ಎಂದಿತು. ಆ ಬಳ್ಳಿಯ ಕಾಂಡದ ತುಂಬ ನರುಲಿಯಂಥ ಗಂಟುಗಳಿರುತ್ತವೆ, ಎಲೆ ಮಾತ್ರ ಅದೇ ಹೃದಯದಾಕಾರ. ನನ್ನ ಅಭಿಪ್ರಾಯದಲ್ಲಿ ಈ ವಾದದಿಂದ ಕುಡಿಯುವವರಿಗೆ ಯಾವ ರಕ್ಷಣೆಯೂ ಸಿಗುವುದಿಲ್ಲ. ರುಬ್ಬಿದ ಹಸಿರು ರಸದಲ್ಲಿ ಯಾವ ಬಳ್ಳಿಯಿದೆ ಎಂದು ನೀವು ಹೇಗೆ ನೋಡುತ್ತೀರಿ?

ಆ ರೋಗಿಗಳಲ್ಲಿ ಕಂಡದ್ದು ಆಟೊ ಇಮ್ಯೂನ್ ಹೆಪಟೈಟಿಸ್‌ನಂಥ ಚಿತ್ರ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬೀಳುವುದು. ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ಬಳ್ಳಿ, ಆ ವ್ಯವಸ್ಥೆ ಈಗಾಗಲೇ ದಾರಿತಪ್ಪಿದವರಲ್ಲಿ ಹೀಗೆ ಮಾಡುವುದು ಆಶ್ಚರ್ಯವಲ್ಲ. ನಿಮಗೆ ಇದು ನೇರವಾಗಿ ಸಂಬಂಧಿಸಿದ್ದು. ಈ ವಯಸ್ಸಿನ ಹೆಂಗಸರಲ್ಲಿ ಥೈರಾಯ್ಡ್ ಕೊರತೆಗೆ ಬಹಳ ಸಲ ಹಾಶಿಮೊಟೊ ಎಂಬ ಆಟೊ ಇಮ್ಯೂನ್ ತೊಂದರೆಯೇ ಕಾರಣ. ಸಂಧಿವಾತ (ರುಮಟಾಯ್ಡ್), ಸೋರಿಯಾಸಿಸ್, ಲೂಪಸ್ ಇರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ಮೊದಲೇ ಯಕೃತ್ತಿನ ಕಾಯಿಲೆ ಇರುವವರು ಅಮೃತಬಳ್ಳಿಯ ತಂಟೆಗೇ ಹೋಗಬಾರದು.

ಯಕೃತ್ತಿಗೆ ಪೆಟ್ಟು ಬಿದ್ದದ್ದು ಮೊದಲ ದಿನವೇ ತಿಳಿಯುವುದಿಲ್ಲ. ಕುಡಿಯಲು ಶುರುಮಾಡಿ ಕೆಲವು ವಾರಗಳಿಂದ ಕೆಲವು ತಿಂಗಳ ನಡುವೆ ಹಸಿವು ಕಡಿಮೆಯಾಗುತ್ತದೆ, ಎಣ್ಣೆಯ ವಾಸನೆಗೆ ವಾಕರಿಕೆ ಬರುತ್ತದೆ, ಕಾರಣವಿಲ್ಲದೆ ಸುಸ್ತು. ಆಮೇಲೆ ಮೂತ್ರ ಕಡುಹಳದಿಯಿಂದ ಕಂದು ಬಣ್ಣಕ್ಕೆ ತಿರುಗುತ್ತದೆ, ಮೈ ತುರಿಸುತ್ತದೆ, ಕೊನೆಗೆ ಕಣ್ಣು ಹಳದಿಯಾಗುತ್ತದೆ. ರಿಪೋರ್ಟ್‌ನಲ್ಲಿ ಎಎಲ್‌ಟಿ (ಎಸ್‌ಜಿಪಿಟಿ) ಎಂಬ ಯಕೃತ್ತಿನ ಕಿಣ್ವ ಮಿತಿಗಿಂತ ಮೂರು ಪಟ್ಟು ಏರಿ, ಜೊತೆಗೆ ಕಾಮಾಲೆಯೂ ಇದ್ದರೆ ಅದನ್ನು ಲಘುವಾಗಿ ನೋಡುವಂತಿಲ್ಲ. ಔಷಧಿಯಿಂದ ಆದ ಯಕೃತ್ತಿನ ಪೆಟ್ಟು ಈ ಹಂತ ಮುಟ್ಟಿದಾಗ ನೂರರಲ್ಲಿ ಸುಮಾರು ಹತ್ತು ಮಂದಿ ಸಾಯುತ್ತಾರೆ ಅಥವಾ ಲಿವರ್ ಕಸಿಯ ಹಂತಕ್ಕೆ ಹೋಗುತ್ತಾರೆ ಎಂಬುದು ಯಕೃತ್ ತಜ್ಞರು ದಶಕಗಳಿಂದ ಬಳಸುವ ಲೆಕ್ಕ. ಹೆಚ್ಚಿನವರಲ್ಲಿ ಗಿಡಮೂಲಿಕೆ ನಿಲ್ಲಿಸಿದ ಮೇಲೆ ಕೆಲವು ವಾರಗಳಲ್ಲಿ ಎಲ್ಲವೂ ಸರಿಹೋಗುತ್ತದೆ. ಸರಿಹೋಯಿತೆಂದು ಮತ್ತೆ ಶುರುಮಾಡುವುದು ದೊಡ್ಡ ತಪ್ಪು, ಎರಡನೇ ಸಲದ ಪೆಟ್ಟು ಬೇಗ ಬರುತ್ತದೆ, ಜೋರಾಗಿಯೂ ಬರುತ್ತದೆ.

ಅಶ್ವಗಂಧದ್ದೂ ಸ್ವಲ್ಪ ಇದೇ ಕಥೆ. ಯಕೃತ್ತಿಗೆ ಪೆಟ್ಟಾದ ವರದಿಗಳು ಹಲವು ದೇಶಗಳಿಂದ ಬಂದಿವೆ. ಜೊತೆಗೆ ಇದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಅದರ ಮೇಲೆ ನಿಮ್ಮ ಮಾತ್ರೆಯೂ ಸೇರಿದರೆ ಎದೆಬಡಿತ, ನಿದ್ದೆಗೇಡು, ತೂಕ ಇಳಿಕೆ. ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಮಂಪರು ಹೆಚ್ಚುತ್ತದೆ. ಗರ್ಭಿಣಿಯರಿಗೆ ಬೇಡವೇ ಬೇಡ. ಟಿಎಸ್‌ಎಚ್ ಪರೀಕ್ಷೆ ಮಾಡಿಸುವಾಗ ಇದನ್ನು ತೆಗೆದುಕೊಳ್ಳುತ್ತಿದ್ದಿರಿ ಎಂದು ವೈದ್ಯರಿಗೆ ಹೇಳಲೇಬೇಕು. ಇಲ್ಲದಿದ್ದರೆ ರಿಪೋರ್ಟ್ ನೋಡಿ ನಿಮ್ಮ ಡೋಸ್ ಅನ್ನು ತಪ್ಪಾಗಿ ಬದಲಾಯಿಸುತ್ತಾರೆ. ಥೈರಾಯ್ಡ್ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆಯವರೆಗೆ ಕಾಫಿ, ರಸ, ಕಷಾಯ ಏನೂ ಬೇಡ. ಎಷ್ಟೋ ಜನರಿಗೆ ಡೋಸ್ ಏರಿಸಿದರೂ ಟಿಎಸ್‌ಎಚ್ ಇಳಿಯದಿರಲು ಈ ಅಂತರ ಪಾಲಿಸದಿರುವುದೇ ಕಾರಣ.

ಮೂತ್ರಪಿಂಡದ ಮಾತು ಬೇರೆ. ಕರಾವಳಿ, ಕೇರಳದ ಕಡೆ ಬೆಳೆಯುವ ಬಿಂಬುಳಿಯ ರಸ ಕೊಲೆಸ್ಟರಾಲ್‌ಗೆ ಒಳ್ಳೆಯದೆಂದು ಕುಡಿದವರಿಗೆ ಡಯಾಲಿಸಿಸ್ ಬೇಕಾದ ಪ್ರಕರಣಗಳನ್ನು ಕೇರಳದ ವೈದ್ಯರು ವರದಿ ಮಾಡಿದ್ದಾರೆ. ಅದರಲ್ಲಿರುವ ಆಕ್ಸಲೇಟ್, ಹರಳಾಗಿ ಮೂತ್ರಪಿಂಡದ ನಾಳಗಳಲ್ಲಿ ಕೂರುತ್ತದೆ. ಅಡುಗೆಗೆ ಹುಳಿಯಾಗಿ ಒಂದೆರಡು ಕಾಯಿ ಹಾಕಿದಾಗ ಆಗದ್ದು, ಹತ್ತಾರು ಕಾಯಿ ಹಿಂಡಿ ರಸ ಕುಡಿದಾಗ ಆಗುತ್ತದೆ. ಹಸಿ ಪಾಲಕ್ ಸೊಪ್ಪಿನ ‘ಗ್ರೀನ್ ಜ್ಯೂಸ್’ ದಿನಾ ಲೋಟಗಟ್ಟಲೆ ಕುಡಿಯುವವರಿಗೂ ಇದೇ ತೊಂದರೆ ಬಂದಿದೆ. ಕ್ರಿಯಾಟಿನಿನ್ ಏರಿದವರು ಕಮರಾಕ್ಷಿ ಹಣ್ಣನ್ನು ಒಂದೂ ತಿನ್ನಬಾರದು. ಅದರ ನರವಿಷ ಹೊರಹೋಗದೆ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತರುತ್ತದೆ. ನೀವು ತೆಗೆದುಕೊಳ್ಳುವ ಟೆಲ್ಮಿಸಾರ್ಟನ್ ದೇಹದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುತ್ತದೆ. ಮೂತ್ರಪಿಂಡ ಸ್ವಲ್ಪ ಸೋತಿದ್ದರೂ ಸೊಪ್ಪಿನ ರಸ, ದಿನಾ ಎಳನೀರು ಎಲ್ಲ ಸೇರಿ ಅದನ್ನು ಅಪಾಯದ ಮಟ್ಟಕ್ಕೆ ಒಯ್ಯಬಹುದು. ಪೊಟ್ಯಾಸಿಯಂ ಪರೀಕ್ಷೆ ಹೇಳಿದ್ದು ಅದಕ್ಕೇ.

ಇವೆಲ್ಲಕ್ಕಿಂತ ಕೆಟ್ಟದ್ದು ಈಶ್ವರಬಳ್ಳಿ. ಹಾವು ಕಚ್ಚಿದರೆ, ಹೊಟ್ಟೆ ಕೆಟ್ಟರೆ ಎಂದು ಹಳ್ಳಿಗಳಲ್ಲಿ ಇದರ ಬೇರು ಕೊಡುವ ರೂಢಿ ಇದೆ. ಈ ಕುಲದ ಬಳ್ಳಿಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಮತ್ತೆ ಸರಿಹೋಗದಂತೆ ಒಣಗಿಸುತ್ತದೆ, ವರ್ಷಗಳ ಬಳಿಕ ಮೂತ್ರನಾಳದ ಕ್ಯಾನ್ಸರ್ ತರುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳಲ್ಲಿ ಒಂದು ಚೀನೀ ಗಿಡದ ಬದಲು ತಪ್ಪಾಗಿ ಈ ಕುಲದ ಇನ್ನೊಂದು ಗಿಡ ಸೇರಿ ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡ ಕೆಟ್ಟಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಆಮ್ಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಸಾಲಿನಲ್ಲಿಟ್ಟಿದೆ. ಬೆಲ್ಜಿಯಂನಲ್ಲಿ ಆದದ್ದು ಗಿಡ ಗುರುತಿಸುವ ತಪ್ಪು. ಆ ತಪ್ಪು ಕಾರ್ಖಾನೆಯಲ್ಲೇ ಆಗಬಹುದಾದರೆ ಮೊಬೈಲ್ ಫೋಟೊ ನೋಡಿ ಕಿತ್ತು ತರುವವರಿಗೆ ಆಗದೇ? ಯಲಹಂಕದ ಬಳಿ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯಲ್ಲಿ ಔಷಧೀಯ ಸಸ್ಯಗಳ ದೊಡ್ಡ ಹರ್ಬೇರಿಯಂ (ಒಣಗಿಸಿ, ಹೆಸರು ಬರೆದಿಟ್ಟ ಗಿಡಗಳ ಸಂಗ್ರಹ) ಇದೆ. ಗಿಡಗಳನ್ನು ನಿಜಕ್ಕೂ ಕಲಿಯುವ ಆಸೆ ಇರುವವರಿಗೆ ಅಂಥ ಜಾಗವೇ ಸರಿ. ಗಿಡ ಸರಿಯಿದ್ದರೂ ಬೆಳೆದ ಜಾಗ ನೋಡಬೇಕು. ಒಂದೆಲಗ ತೇವದ ನೆಲ ಹುಡುಕಿ ಬೆಳೆಯುತ್ತದೆ. ನಗರದ ರಾಜಕಾಲುವೆ, ಕೊಳಚೆ ಸೇರುವ ಕೆರೆಯ ಅಂಚಿನಲ್ಲಿ ಕಿತ್ತದ್ದಾದರೆ ಸೀಸ, ಕ್ಯಾಡ್ಮಿಯಂ ಹೀರಿಕೊಂಡಿರಬಹುದು, ಎಷ್ಟು ತೊಳೆದರೂ ಹೋಗುವುದಿಲ್ಲ.

ಅರಿಶಿನದ ಬಗ್ಗೆ ಕೇಳಿಲ್ಲ, ಆದರೂ ಹೇಳಲೇಬೇಕು, ಏಕೆಂದರೆ ಮಂಡಿನೋವಿಗೆಂದು ಅದರ ಕ್ಯಾಪ್ಸೂಲ್ ಈಗ ಮನೆಮನೆಯಲ್ಲಿದೆ. ಸಾರಿಗೆ ಹಾಕುವ ಅರಿಶಿನದ ಬಹುಪಾಲು ರಕ್ತಕ್ಕೆ ಸೇರುವುದೇ ಇಲ್ಲ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದ ಅಧ್ಯಯನದಲ್ಲಿ ಅರಿಶಿನದ ಸತ್ವವಾದ ಕುರ್ಕ್ಯುಮಿನ್ 2 ಗ್ರಾಂ ಜೊತೆ ಕಾಳುಮೆಣಸಿನ ಸತ್ವವಾದ ಪೈಪರಿನ್ ಬರೀ 20 ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರುವ ಪ್ರಮಾಣ ಶೇಕಡ 2000ರಷ್ಟು ಏರಿತು. ಇಂದು ಜಗತ್ತಿನಾದ್ಯಂತ ಅರಿಶಿನದ ಕ್ಯಾಪ್ಸೂಲ್‌ಗೆ ಮೆಣಸಿನ ಸತ್ವ ಸೇರಿಸುವುದು ಈ ಕಾರಣಕ್ಕೆ. ಹಾಗೆ ಸೇರಿಸಿದ ಕ್ಯಾಪ್ಸೂಲ್‌ಗಳಿಂದ ಯಕೃತ್ತಿನ ಉರಿಯೂತವಾದ ವರದಿಗಳು ಇಟಲಿ, ಅಮೆರಿಕದಿಂದ ಬಂದಿವೆ. ಅಡುಗೆಮನೆಯ ಅರಿಶಿನ ಬೇರೆ, ಅದು ಬೇರೆ ಔಷಧಿ ಎಂದೇ ತಿಳಿಯಿರಿ. ಪೈಪರಿನ್ ಫೆನಿಟೊಯಿನ್ (ಫಿಟ್ಸ್), ಪ್ರೊಪ್ರನಲಾಲ್ (ಬಿಪಿ), ಥಿಯೋಫಿಲಿನ್ (ಉಬ್ಬಸ) ಮಾತ್ರೆಗಳ ಮಟ್ಟವನ್ನೂ ಏರಿಸುತ್ತದೆ. ತೂಕ ಇಳಿಸಲು ಮಾರುವ ಗ್ರೀನ್ ಟೀ ಸತ್ವ, ಮಲೆನಾಡಿನ ಉಪ್ಪಾಗೆಯ ಸತ್ವ (ಗಾರ್ಸಿನಿಯಾ ಎಂದು ಬರೆದಿರುತ್ತದೆ), ತೊನ್ನಿಗೆ ಕೊಡುವ ಬಾವಂಚಿ ಬೀಜ, ಇವೂ ಯಕೃತ್ತಿಗೆ ಪೆಟ್ಟು ಕೊಡುವವೆಂದು ವರದಿಯಾಗಿವೆ.

ವಾರ್‌ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಬೆಳ್ಳುಳ್ಳಿ, ಶುಂಠಿ, ಅರಿಶಿನದ ಕ್ಯಾಪ್ಸೂಲ್‌ಗಳನ್ನು ಮುಟ್ಟಬಾರದು. ನುಗ್ಗೆಸೊಪ್ಪಿನ ಪುಡಿಯನ್ನು ಇದ್ದಕ್ಕಿದ್ದಂತೆ ಶುರುಮಾಡಿದರೆ ಅದರ ವಿಟಮಿನ್ ಕೆ ಮಾತ್ರೆಯ ಕೆಲಸವನ್ನೇ ಕೆಡಿಸುತ್ತದೆ. ಯಾವುದೇ ಆಪರೇಷನ್‌ಗೆ ಎರಡು ವಾರ ಮುಂಚೆ ಎಲ್ಲ ಗಿಡಮೂಲಿಕೆ ನಿಲ್ಲಿಸಿ, ಅರಿವಳಿಕೆ ವೈದ್ಯರಿಗೂ ಹೇಳಿ. ಕಸಿ ಮಾಡಿಸಿಕೊಂಡು ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್ ತೆಗೆದುಕೊಳ್ಳುವವರಿಗೆ ನಮ್ಮ ದೇವನಹಳ್ಳಿ ಚಕ್ಕೋತವೂ ನಿಷಿದ್ಧ. ಅದು ಆ ಔಷಧಿಗಳನ್ನು ಕರಗಿಸುವ ಕಿಣ್ವವನ್ನು ತಡೆಯುತ್ತದೆ.

ಮಗುವಿನ ವಿಷಯಕ್ಕೆ ಬರೋಣ. ಅತ್ತೆಯವರ ಪ್ರೀತಿಗೆ ಎದುರುಮಾತಿಲ್ಲ, ಆದರೆ ಬಜೆ ನಿಲ್ಲಲೇಬೇಕು. ನಮ್ಮಲ್ಲಿ ಬೆಳೆಯುವ ಬಜೆಯಲ್ಲಿರುವ ಬೀಟಾ ಅಸರೋನ್ ಇಲಿಗಳಲ್ಲಿ ಗಡ್ಡೆ ಬೆಳೆಸಿದ ಕಾರಣ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ತೇಯುವ ಕಲ್ಲಿನ ಮೇಲೆ ಎಷ್ಟು ಸುತ್ತು ತೇಯ್ದರು ಎಂಬುದರ ಮೇಲೆ ಡೋಸ್ ನಿಂತಿರುತ್ತದೆ, ಐದಾರು ಕೆ.ಜಿ.ಯ ಕೂಸಿಗೆ ಅದು ಕೈಮೀರಲು ಹೊತ್ತು ಬೇಡ. ಜೊತೆಗೆ ತೇಯುವ ಜಾಯಿಕಾಯಿ ಮಂಪರು ತರುತ್ತದೆ. ಮಗು ಹಾಯಾಗಿ ಮಲಗಿತು ಎಂದು ಮನೆಯವರು ಹೇಳುವುದು ಬಹಳ ಸಲ ಈ ಮಂಪರನ್ನೇ. ಜೇನಿನಲ್ಲಿ ಕಲೆಸಿ ನೆಕ್ಕಿಸುವುದಾದರೆ ಇನ್ನೊಂದು ಅಪಾಯ: ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಟ್ಟರೆ ಬೊಟುಲಿಸಂ ಎಂಬ ಲಕ್ವದಂಥ ಕಾಯಿಲೆ ಬರಬಹುದು. ಬೇವಿನೆಣ್ಣೆಯನ್ನಂತೂ ಮಕ್ಕಳ ಬಾಯಿಗೆ ಹಾಕಲೇಬಾರದು. ಚಮಚಗಟ್ಟಲೆ ಕುಡಿಸಿದ ಕೂಸುಗಳು ಕೆಲವೇ ಗಂಟೆಗಳಲ್ಲಿ ವಾಂತಿ, ಫಿಟ್ಸ್, ಮೆದುಳಿನ ಊತಕ್ಕೆ ಒಳಗಾಗಿ ಸತ್ತದ್ದಿದೆ. ಕರ್ಪೂರವೂ ಅಷ್ಟೇ. ಹೊಟ್ಟೆ ಉಬ್ಬರಿಸಿ ಅಳುವ ಮಗುವಿಗೆ ಹೊಟ್ಟೆಯ ಮೇಲೆ ಬೆಚ್ಚಗಿನ ಕೈಯಿಂದ ನೀವುವುದು, ಹಾಲು ಕುಡಿಸಿ ತೇಗು ಬರಿಸುವುದು ಸಾಕು. ಈ ಕೆಲಸವನ್ನು ಅತ್ತೆಯವರ ಕೈಗೇ ಕೊಡಿ, ಅವರಿಗೂ ಸಮಾಧಾನ.

ಕಾಮಾಲೆ, ಡೆಂಗಿ ಬಂದಾಗ ಗಿಡಮೂಲಿಕೆಯ ಅಪಾಯ ಬೇರೆ ರೂಪದಲ್ಲಿ ಬರುತ್ತದೆ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಹೆಚ್ಚಿನವರಲ್ಲಿ ತಾವಾಗಿಯೇ ವಾಸಿಯಾಗುತ್ತವೆ, ಹೆಸರು ಮಾತ್ರ ಕಾಮಾಲೆ ಔಷಧಿ ಕೊಟ್ಟವರಿಗೆ. ಆದರೆ ಕಾಮಾಲೆಗೆ ಕಾರಣ ಪಿತ್ತನಾಳದ ಕಲ್ಲೋ, ಹೆಪಟೈಟಿಸ್ ಬಿಯೋ, ಕ್ಷಯದ ಮಾತ್ರೆಯೋ ಆಗಿದ್ದರೆ ಪಥ್ಯದಲ್ಲಿ ಕಳೆದ ಎರಡು ವಾರ ಮತ್ತೆ ಸಿಗುವುದಿಲ್ಲ. ಗರ್ಭಿಣಿಗೆ ಕಾಮಾಲೆ ಕಂಡರೆ ಅದೇ ದಿನ ಆಸ್ಪತ್ರೆ. ಕಾಮಾಲೆಯವರು ಹಗಲು ಮಲಗಿ ರಾತ್ರಿ ಎಚ್ಚರವಿದ್ದರೆ, ಮಾತು ಅಸಂಬದ್ಧವಾದರೆ, ಯಕೃತ್ತು ಸೋಲುತ್ತಿದೆ ಎಂದರ್ಥ. ಡೆಂಗಿಗೆ ಪಪ್ಪಾಯ ಎಲೆಯ ರಸ ಪ್ಲೇಟ್‌ಲೆಟ್ ಸಂಖ್ಯೆಯನ್ನು ಸ್ವಲ್ಪ ಬೇಗ ಏರಿಸಬಹುದೆಂದು ಸಣ್ಣ ಅಧ್ಯಯನಗಳು ಹೇಳುತ್ತವೆ. ಆದರೆ ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ರಕ್ತನಾಳಗಳಿಂದ ದ್ರವ ಸೋರುವುದು, ಅದು ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದ ನಡುವೆ ಆಗುತ್ತದೆ. ಅದನ್ನು ಈ ರಸ ತಡೆಯುತ್ತದೆ ಎನ್ನಲು ಆಧಾರವಿಲ್ಲ. ಕಡುಕಹಿ ರಸದಿಂದ ವಾಂತಿಯಾದರೆ ನಿರ್ಜಲತೆ ಹೆಚ್ಚುತ್ತದೆ. ಮೇಲಾಗಿ ವಾಂತಿ, ಹೊಟ್ಟೆನೋವು ಡೆಂಗಿಯ ಅಪಾಯದ ಸೂಚನೆಗಳೂ ಹೌದು, ರಸದಿಂದಾಯಿತು ಎಂದುಕೊಂಡು ಮನೆಯಲ್ಲೇ ಕೂತುಬಿಡುತ್ತಾರೆ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ ರಾಜ್ಯ ನಮ್ಮದು. ಮಳೆಗಾಲದ ಜ್ವರದಲ್ಲಿ ಈ ತಪ್ಪು ಮಾಡಬಾರದು.

ಪೊಟ್ಟಣದಲ್ಲಿ ಕಟ್ಟಿಕೊಡುವ, ಲೇಬಲ್ ಇಲ್ಲದ ಪುಡಿಗಳ ಬಗ್ಗೆ ಒಂದು ಎಚ್ಚರಿಕೆ. ಮಂಡಿನೋವು, ಉಬ್ಬಸ ಎರಡು ದಿನದಲ್ಲಿ ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆಯೇ ಎಂದು ಅನುಮಾನಿಸಿ. ತಿಂಗಳುಗಟ್ಟಲೆ ತಿಂದು ಮುಖ ಊದಿಕೊಂಡಿದ್ದರೆ, ತೊಡೆ ಸೋತು ಕೂತಲ್ಲಿಂದ ಏಳಲು ಕಷ್ಟವಾದರೆ ಅನುಮಾನ ಇನ್ನೂ ಗಟ್ಟಿ. ಇಂಥ ಪುಡಿಯನ್ನು ಮಾತ್ರ ತಟ್ಟನೆ ನಿಲ್ಲಿಸಬಾರದು. ದೇಹ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಕೆ ನಿಲ್ಲಿಸಿರುವುದರಿಂದ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಪುಡಿಯ ಸಮೇತ ವೈದ್ಯರ ಬಳಿ ಹೋದರೆ ಬೆಳಗಿನ ಕಾರ್ಟಿಸಾಲ್ (ದೇಹದ ಸ್ವಂತ ಸ್ಟೀರಾಯ್ಡ್) ಪರೀಕ್ಷೆ ಮಾಡಿಸಿ ಕ್ರಮವಾಗಿ ಇಳಿಸುತ್ತಾರೆ. ಹಲವು ಭಸ್ಮ, ಸಿಂಧೂರ ಔಷಧಿಗಳಲ್ಲಿ ಸೀಸ, ಪಾದರಸ ಇರುತ್ತದೆ. ಅಮೆರಿಕದ ಸಂಶೋಧಕರು 2008ರಲ್ಲಿ ಅಂತರ್ಜಾಲದಲ್ಲಿ ಕೊಂಡು ಪರೀಕ್ಷಿಸಿದ 193 ಆಯುರ್ವೇದ ಉತ್ಪನ್ನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಇವನ್ನು ತೆಗೆದುಕೊಳ್ಳುವವರಿಗೆ ಕಾರಣ ಸಿಗದ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ಒಟ್ಟಿಗೆ ಬಂದರೆ ರಕ್ತದಲ್ಲಿ ಸೀಸದ ಮಟ್ಟ ನೋಡಿಸಬೇಕು. ಡೆಸಿಲೀಟರ್‌ಗೆ 5 ಮೈಕ್ರೊಗ್ರಾಂ ದಾಟಿದರೆ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬಿಎಎಂಎಸ್ (ಆಯುರ್ವೇದ ಪದವಿ) ಓದಿದ ವೈದ್ಯರು ನಿಮ್ಮನ್ನು ನೋಡಿ ಬರೆದುಕೊಟ್ಟ ಔಷಧಿಗೂ ಗೆಳತಿ ಹೇಳಿದ್ದಕ್ಕೂ ವ್ಯತ್ಯಾಸವಿದೆ. ಅಂಥ ಔಷಧಿ ಕೊಳ್ಳುವಾಗ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನಾಂಕ, ಪ್ರತಿ ಗಿಡದ ಹೆಸರು ಮತ್ತು ಪ್ರಮಾಣ ಇದೆಯೇ ನೋಡಿ. ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆ ಲೇಬಲ್ ಮೇಲಿದ್ದರೆ ಅದರಲ್ಲಿ ವತ್ಸನಾಭ, ಗುಲಗಂಜಿ, ದತ್ತೂರದಂಥ, ಕಾನೂನು ವಿಷದ ಪಟ್ಟಿಗೆ ಸೇರಿಸಿದ ವಸ್ತು ಇದೆ ಎಂದರ್ಥ. ಅದನ್ನು ನೀವಾಗಿಯೇ ತೆಗೆದುಕೊಳ್ಳಬಾರದು. ವೈದ್ಯರ ಬಳಿ ಹೋಗುವಾಗ ಬಾಟಲಿ, ಪೊಟ್ಟಣಗಳ ಫೋಟೊ ಇಟ್ಟುಕೊಂಡು ಗಿಡದ ಹೆಸರು, ಯಾವ ಭಾಗ, ರಸವೋ ಪುಡಿಯೋ ಮಾತ್ರೆಯೋ, ದಿನಕ್ಕೆ ಎಷ್ಟು, ಯಾವ ತಾರೀಖಿನಿಂದ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬೈಯುತ್ತಾರೆಂದು ಮುಚ್ಚಿಡಬೇಡಿ. ಈ ಚೀಟಿ ಇಲ್ಲದೆ ಯಕೃತ್ತಿನ ತೊಂದರೆಯ ಕಾರಣ ಹುಡುಕಲು ವಾರಗಳೇ ಹೋಗುತ್ತವೆ. ತೊಂದರೆಯಾದರೆ ಔಷಧ ಅಡ್ಡಪರಿಣಾಮಗಳ ರಾಷ್ಟ್ರೀಯ ಸಹಾಯವಾಣಿ 1800 180 3024ಕ್ಕೆ ವರದಿ ಮಾಡಬಹುದು. ವಿಷದ ಅನುಮಾನವಿದ್ದರೆ ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ 1800 116 117, ತುರ್ತಿಗೆ 108. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಳಿದ ರಸ, ಎಲೆ, ಕಾಯಿಯ ತುಂಡನ್ನು ಎಸೆಯದೆ ಜೊತೆಗೆ ಒಯ್ಯಿರಿ.

ಕೊನೆಗೆ ನಿಮ್ಮ ಕಷಾಯ. ಎರಡು ಲೋಟ ನೀರಿಗೆ ಒಂದು ಟೀ ಚಮಚ ಧನಿಯ, ಅರ್ಧ ಚಮಚ ಜೀರಿಗೆ, ಒಂದಿಂಚು ಶುಂಠಿ, ನಾಲ್ಕು ಕಾಳುಮೆಣಸು, ಐದಾರು ತುಳಸಿ ಎಲೆ ಹಾಕಿ ಒಂದೂವರೆ ಲೋಟಕ್ಕೆ ಇಳಿಸಿ, ದಿನಕ್ಕೆರಡು ಸಲ ಮೂರು ನಾಲ್ಕು ದಿನ ಕುಡಿಯುವುದರಿಂದ ನಿಮಗೆ ತೊಂದರೆ ಇಲ್ಲ. ಬೆಲ್ಲ ಬೇಡ, ಶುಗರ್ ಇದೆ. ಥೈರಾಯ್ಡ್ ಮಾತ್ರೆಯಾಗಿ ಒಂದು ಗಂಟೆ ಬಿಟ್ಟು ಕುಡಿಯಿರಿ. ಚಕ್ಕೆ ಹಾಕುವುದಾದರೆ ಸಣ್ಣ ಚೂರು ಸಾಕು. ನಮ್ಮ ಅಂಗಡಿಗಳಲ್ಲಿ ಸಿಗುವ ದಪ್ಪ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಜಾತಿಯದು, ಅದರಲ್ಲಿರುವ ಕೂಮರಿನ್ ಯಕೃತ್ತಿಗೆ ಒಳ್ಳೆಯದಲ್ಲ. 60 ಕೆ.ಜಿ. ತೂಕದವರು ಬಹುಕಾಲ ದಿನಕ್ಕೆ 2 ಗ್ರಾಂ ಮೀರಬಾರದೆಂದು ಜರ್ಮನಿಯ ಆಹಾರ ಸುರಕ್ಷತಾ ತಜ್ಞರ ಸಲಹೆ. ಗ್ರಂಧಿಗೆ ಅಂಗಡಿಯವರು ಕೆಮ್ಮಿಗೆಂದು ಜೇಷ್ಠಮಧು ಸೇರಿಸಿಕೊಟ್ಟರೆ ಬೇಡ ಅನ್ನಿ. ಅದರ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು, ನೀರು ನಿಲ್ಲಿಸಿ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಹೊರದಬ್ಬುತ್ತದೆ. ದಿನಕ್ಕೆ 100 ಮಿಲಿಗ್ರಾಂ ದಾಟಬಾರದೆಂಬುದು ಯುರೋಪಿನ ಮಿತಿ, ಒಳ್ಳೆಯ ಬೇರಿನ ಪುಡಿ ಒಂದು ಚಮಚದಲ್ಲೇ ಅಷ್ಟು ಇರುತ್ತದೆ. ಜ್ವರ ಮೂರು ದಿನ ದಾಟಿದರೆ, ಉಸಿರು ಕಟ್ಟಿದರೆ, ಕಷಾಯದ ಪಾತ್ರೆ ಇಳಿಸಿ ವೈದ್ಯರ ಬಳಿ ಹೋಗಿ.